ಯೂಟಾದ ಕೆಂಪು ಬಂಡೆ ಯಾರದು, ಅದರಿಂದ ಯಾರ ಒಲೆ ಉರಿಯುತ್ತೆ?

ಪ್ರಶ್ನೆ: ನಾವು ಸಕಲೇಶಪುರದ ಕಡೆಯವರು. ನಾಲ್ಕು ವರ್ಷದಿಂದ ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿನಲ್ಲಿದ್ದೇವೆ. ರಜೆ ಸಿಕ್ಕರೆ ಸಾಕು, ಟೆಂಟು ಕಟ್ಟಿಕೊಂಡು ಮೋಯಾಬ್ ಕಡೆ ಹೊರಡುತ್ತೇವೆ. ಆಫೀಸಿನಲ್ಲಿ ಒಬ್ಬರು ‘ಕೇಂದ್ರದ ಕೈಯಲ್ಲಿರುವ ಜಮೀನೆಲ್ಲ ರಾಜ್ಯಕ್ಕೆ ಬಂದರೆ ಯೂಟಾ ಉದ್ಧಾರ ಆಗುತ್ತೆ’ ಅಂತಾರೆ. ಇನ್ನೊಬ್ಬರು ‘ಬಂದ ಮರುದಿನವೇ ಮಾರಿ ಹಾಕ್ತಾರೆ, ಟೂರಿಸಂ ಮುಗೀತು’ ಅಂತಾರೆ. ಈಗ ಗೆಳೆಯರೊಬ್ಬರು ಮೋಯಾಬ್‌ನಲ್ಲಿ ಸೈಕಲ್ ಬಾಡಿಗೆ ಅಂಗಡಿಗೆ ಪಾಲುದಾರನಾಗು ಅಂತ ಕರೆದಿದ್ದಾರೆ. ಜಮೀನಿನ ಈ ರಾಜಕೀಯದಿಂದ ಅಂಥ ವ್ಯವಹಾರಕ್ಕೆ ನಿಜವಾಗಿ ಏನಾಗುತ್ತೆ?

ಉತ್ತರ: ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಷ್ಟೇ ರಾಜಕೀಯ ನಡೆದರೂ ಯೂಟಾಕ್ಕೆ ಬರುವ ಜನ ಬರುತ್ತಲೇ ಇರುತ್ತಾರೆ. ಪೆಟ್ಟು ಬೀಳುವುದು ಭರವಸೆಗೆ. ‘ಮುಂದಿನ ವರ್ಷವೂ ಈ ದಾರಿ ತೆರೆದಿರುತ್ತೆ, ಈ ಕಣಿವೆ ಹೀಗೇ ಇರುತ್ತೆ’ ಅನ್ನುವ ಭರವಸೆಗೆ. ಅಂಗಡಿ ಹಾಕುವವರು, ಅವರಿಗೆ ಸಾಲ ಕೊಡುವ ಬ್ಯಾಂಕು, ಊರಿಗೆ ಕಂಪನಿ ತರುವವರು, ಎಲ್ಲರೂ ಕೈ ಹಾಕುವುದು ಅದನ್ನು ನಂಬಿಯೇ. ನಿಮ್ಮ ಸಹೋದ್ಯೋಗಿಗಳಿಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಬಿಡಿಸಿ ಹೇಳುತ್ತೇನೆ.

ಮೊದಲು ಜಮೀನಿನ ವಿಷಯ. ನಮ್ಮ ಕರ್ನಾಟಕದಲ್ಲಿ ಕಾಡು ನೋಡಿಕೊಳ್ಳುವುದು ರಾಜ್ಯದ ಅರಣ್ಯ ಇಲಾಖೆ. ಗೋಮಾಳ ಕಂದಾಯ ಇಲಾಖೆಯದ್ದು. ಹಾಗಾಗಿ ಸರ್ಕಾರಿ ಜಮೀನು ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಬೆಂಗಳೂರು, ದೆಹಲಿ ಅಲ್ಲ. ಯೂಟಾದಲ್ಲಿ ಇದು ತಲೆಕೆಳಗು. ಆ ರಾಜ್ಯ ವಿಸ್ತಾರದಲ್ಲಿ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು, ಜನ ಮಾತ್ರ ಸುಮಾರು 35 ಲಕ್ಷ. ಅದರ ನೆಲದಲ್ಲಿ ನೂರಕ್ಕೆ 63ಕ್ಕೂ ಹೆಚ್ಚು ಪಾಲು ವಾಷಿಂಗ್ಟನ್‌ನ ಕೇಂದ್ರ ಸರ್ಕಾರದ್ದು. ಝಯಾನ್, ಬ್ರೈಸ್ ಕ್ಯಾನ್ಯನ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಎಂಬ ಐದು ರಾಷ್ಟ್ರೀಯ ಉದ್ಯಾನಗಳು ಎಲ್ಲರಿಗೂ ಗೊತ್ತು. ಅವುಗಳಿಗಿಂತ ಎಷ್ಟೋ ಪಟ್ಟು ದೊಡ್ಡದು ಬಿಎಲ್‌ಎಂ, ಅಂದರೆ ಕೇಂದ್ರದ ಭೂ ನಿರ್ವಹಣಾ ಇಲಾಖೆಯ ಜಮೀನು. ಸುಮಾರು 2.3 ಕೋಟಿ ಎಕರೆ. ನೀವು ದುಡ್ಡು ಕೊಡದೆ, ಬುಕ್ ಮಾಡದೆ ರಸ್ತೆ ಪಕ್ಕ ಒಳಗೆ ಹೋಗಿ ಟೆಂಟು ಹಾಕುತ್ತೀರಲ್ಲ, ಅದು ಬಹುಪಾಲು ಬಿಎಲ್‌ಎಂ ನೆಲ.

1896ರಲ್ಲಿ ಯೂಟಾ ರಾಜ್ಯವಾದಾಗ, ಹಂಚಿಕೆಯಾಗದೆ ಉಳಿದ ಜಮೀನಿನ ಮೇಲೆ ತನಗೆ ಹಕ್ಕಿಲ್ಲ ಎಂದು ಒಪ್ಪಿಕೊಂಡಿತ್ತು. ಮುಂದೆ ಕೇಂದ್ರ ಅದನ್ನು ಜನರಿಗೆ ಹಂಚುತ್ತದೆ, ತೆರಿಗೆ ಕಟ್ಟುವ ರೈತರು ಬರುತ್ತಾರೆ ಎಂಬ ನಿರೀಕ್ಷೆ ಆಗ ಇತ್ತು. 1976ರಲ್ಲಿ ಅಮೆರಿಕದ ಸಂಸತ್ತು ಇನ್ನೊಂದು ಕಾನೂನು ತಂದು, ಇನ್ನು ಮೇಲೆ ಈ ಜಮೀನು ಕೇಂದ್ರದ ಹತ್ತಿರವೇ ಇರುತ್ತದೆ ಎಂದಿತು. ಯೂಟಾದ ಹಳ್ಳಿಗಳ ಸಿಟ್ಟಿನ ಬೇರು ಇಲ್ಲಿದೆ. ತಮ್ಮ ಊರ ಸುತ್ತ ಏನಾಗಬೇಕು ಅಂತ ಎರಡು ಸಾವಿರ ಮೈಲಿ ದೂರದವರು ತೀರ್ಮಾನ ಮಾಡುತ್ತಾರೆ ಎಂಬ ನೋವು ಅವರದು. ತೆರಿಗೆ ಬದಲಿಗೆ ಕೇಂದ್ರ ಒಂದಿಷ್ಟು ಪರಿಹಾರ ಕೊಡುತ್ತೆ, ಆದರೆ ಶಾಲೆ, ರಸ್ತೆ, ಆಂಬುಲೆನ್ಸ್ ನಡೆಸುವ ಸಣ್ಣ ಕೌಂಟಿಗೆ, ಅಂದರೆ ಅಲ್ಲಿನ ಜಿಲ್ಲೆಗೆ, ಅದು ಸಾಲುವುದಿಲ್ಲ. ಈ ನೋವನ್ನು ಬದಿಗಿಟ್ಟು ಯೂಟಾದ ಬಗ್ಗೆ ಮಾತಾಡುವುದು ಸರಿಯಲ್ಲ.

ಈಗ ದುಡಿಮೆಗೆ ಬರೋಣ. ಬೆಟ್ಟ ಹತ್ತುವುದು, ಸೈಕಲ್ಲು, ದೋಣಿ, ಬೇಟೆ, ಮೀನು, ಸ್ಕೀ, ಕ್ಯಾಂಪಿಂಗ್, ಇವುಗಳ ಸುತ್ತ ನಡೆಯುವ ವ್ಯವಹಾರವನ್ನು ಅಮೆರಿಕ ಸರ್ಕಾರ ಈಗ ಬೇರೆಯಾಗಿಯೇ ಲೆಕ್ಕ ಹಾಕುತ್ತದೆ. 2023ರಲ್ಲಿ ದೇಶಕ್ಕೆಲ್ಲ ಸೇರಿ 63,950 ಕೋಟಿ ಡಾಲರ್. ಜಿಡಿಪಿಯ ಶೇ 2.3. ಸುಮಾರು 50 ಲಕ್ಷ ಕೆಲಸ. ಯೂಟಾದಲ್ಲಿ ಈ ಪಾಲು ದೇಶದ ಸರಾಸರಿಗಿಂತ ಜಾಸ್ತಿ. ಅಂದರೆ ಇದು ಶೋಕಿಯವರ ವಿಷಯ ಅಂತ ಯಾರೂ ತಳ್ಳಿಹಾಕುವ ಹಾಗಿಲ್ಲ.

ರಾಜಕೀಯ ಈ ದುಡಿಮೆಯನ್ನು ಹೇಗೆ ಮುಟ್ಟುತ್ತೆ ಅಂತ ನೋಡಲು 2017ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಯೂಟಾದ ಆಗ್ನೇಯ ಮೂಲೆಯಲ್ಲಿ ಅಕ್ಕಪಕ್ಕ ಎರಡು ಗುಡ್ಡಗಳಿವೆ. ದೂರದಿಂದ ಕರಡಿಯ ಕಿವಿಗಳ ಹಾಗೇ ಕಾಣುತ್ತವೆ. ಅದಕ್ಕೇ ಬೇರ್ಸ್ ಇಯರ್ಸ್ ಅಂತ ಹೆಸರು. ಸುತ್ತಲಿನ ಕಣಿವೆಗಳಲ್ಲಿ ಬಂಡೆಯ ಗೂಡಿಗೆ ಅಂಟಿಸಿ ಕಟ್ಟಿದ ಹಳೆಯ ಮನೆಗಳು, ಕಣಜಗಳು, ಕಲ್ಲಿನ ಮೇಲೆ ಕೆತ್ತಿದ ಚಿತ್ರಗಳು ಸಾವಿರಗಟ್ಟಲೆ ಇವೆ. ಹೋಪಿ, ನವಾಹೋ, ಝೂನಿ ಮತ್ತು ಯೂಟ್ ಜನರ ಎರಡು ಬುಡಕಟ್ಟುಗಳು ಒಟ್ಟಾಗಿ ಈ ನೆಲಕ್ಕೆ ರಕ್ಷಣೆ ಕೇಳಿದವು. 2016ರ ಡಿಸೆಂಬರ್ 28ರಂದು ಅಧ್ಯಕ್ಷ ಒಬಾಮ 13.5 ಲಕ್ಷ ಎಕರೆಯನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. ನಮ್ಮ ಕೊಡಗು ಜಿಲ್ಲೆಗಿಂತ ದೊಡ್ಡ ಪ್ರದೇಶ. ಇದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. 1906ರ ಪುರಾತನ ವಸ್ತುಗಳ ಕಾನೂನು ಅಧ್ಯಕ್ಷರಿಗೆ ಆ ಅಧಿಕಾರ ಕೊಟ್ಟಿದೆ. ಘೋಷಿಸಿದ ಮೇಲೆ ಹೊಸ ಗಣಿ ತೆಗೆಯುವಂತಿಲ್ಲ. ದನ ಮೇಯಿಸುವುದು, ಬೇಟೆ ಮುಂದುವರಿಯುತ್ತವೆ.

ಯೂಟಾದ ರಾಜಕಾರಣಿಗಳು ಕೆರಳಿದರು. 2017ರ ಫೆಬ್ರುವರಿ ಆರಂಭದಲ್ಲಿ, ಈ ಘೋಷಣೆ ರದ್ದಾಗಬೇಕು ಎಂಬ ನಿರ್ಣಯಕ್ಕೆ ಗವರ್ನರ್ (ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ನಡೆಸುವವರು) ಗ್ಯಾರಿ ಹರ್ಬರ್ಟ್ ಸಹಿ ಹಾಕಿದರು. ಆ ಹೊತ್ತಿಗೆ ಸಾಲ್ಟ್ ಲೇಕ್ ಸಿಟಿಯಲ್ಲಿ 20 ವರ್ಷದಿಂದ ವರ್ಷಕ್ಕೆರಡು ಸಲ ‘ಔಟ್‌ಡೋರ್ ರಿಟೇಲರ್’ ಎಂಬ ದೊಡ್ಡ ವ್ಯಾಪಾರ ಮೇಳ ನಡೆಯುತ್ತಿತ್ತು. ಟೆಂಟು, ಬೂಟು, ಹಗ್ಗ, ಜಾಕೆಟ್ ಮಾಡುವ ಕಂಪನಿಗಳೂ ಅವನ್ನು ಕೊಳ್ಳುವ ಅಂಗಡಿಯವರೂ ಅಲ್ಲಿ ಸೇರುತ್ತಿದ್ದರು. ಹೋಟೆಲು, ಟ್ಯಾಕ್ಸಿ, ಊಟ ಎಲ್ಲ ಸೇರಿ ಊರಿಗೆ ವರ್ಷಕ್ಕೆ 4.5 ಕೋಟಿ ಡಾಲರ್ ಬರುತ್ತಿತ್ತು. ಪ್ಯಾಟಗೋನಿಯ ಕಂಪನಿ ‘ನಾವು ಇನ್ನು ಬರುವುದಿಲ್ಲ’ ಎಂದಿತು. ಬೇರೆಯವರೂ ದನಿಗೂಡಿಸಿದರು. ಫೆಬ್ರುವರಿ 16ರಂದು ಗವರ್ನರ್ ಮತ್ತು ಕಂಪನಿಗಳ ಮುಖ್ಯಸ್ಥರ ನಡುವೆ ಫೋನಿನಲ್ಲಿ ಮಾತುಕತೆ ನಡೆಯಿತು. ಒಪ್ಪಂದ ಆಗಲಿಲ್ಲ. ಅದೇ ದಿನ ಮೇಳ ಯೂಟಾ ಬಿಡುವುದು ತೀರ್ಮಾನವಾಯಿತು. 2018ರ ಜನವರಿಯಲ್ಲಿ ಅದು ನಡೆದದ್ದು ಪಕ್ಕದ ಕೊಲರಾಡೋ ರಾಜ್ಯದ ಡೆನ್ವರ್‌ನಲ್ಲಿ.

ಕೊಲರಾಡೋ ಸುಮ್ನೆ ಕಾಯುತ್ತಾ ಕೂತಿರಲಿಲ್ಲ. 2015ರಲ್ಲೇ ಹೊರಾಂಗಣ ಉದ್ಯಮಕ್ಕೆ ಒಂದು ಸರ್ಕಾರಿ ಕಚೇರಿ ತೆರೆದಿತ್ತು. 2016ರಲ್ಲಿ ಸಾರ್ವಜನಿಕ ಜಮೀನಿಗೆಂದೇ ವರ್ಷಕ್ಕೊಂದು ದಿನ ಮೀಸಲಿಟ್ಟಿತ್ತು. ಕಂಪನಿಗಳಿಗೆ ಬೇಕಾಗಿದ್ದದ್ದು ಆ ಧೈರ್ಯ. ಇವರ ಸರಕು ಬಳಸಲು ಗಿರಾಕಿಗೆ ಒಂದು ಜಾಗ ಬೇಕು. ಆ ಜಾಗವನ್ನು ಉಳಿಸಿಕೊಳ್ಳುವ ರಾಜ್ಯ ಯಾವುದು ಅಂತ ಅವರು ನೋಡಿದರು.

ಇದರಲ್ಲಿ ನನಗೆ ಬೇಸರ ತರುವ ವಿಷಯ ಒಂದಿದೆ. ಇಂಥ ಕಚೇರಿಯನ್ನು ದೇಶದಲ್ಲೇ ಮೊದಲು ತೆರೆದದ್ದು ಯೂಟಾ. 2013ರಲ್ಲಿ, ಇದೇ ಹರ್ಬರ್ಟ್ ಕಾಲದಲ್ಲಿ. 2012ರಲ್ಲಿ ಯೂಟಾ ‘2014ರ ಕೊನೆಯೊಳಗೆ ಜಮೀನು ನಮಗೆ ಒಪ್ಪಿಸಿ’ ಎಂದು ಕೇಂದ್ರಕ್ಕೆ ಗಡುವು ಕೊಡುವ ಕಾನೂನು ಮಾಡಿತು. ಆಗಲೇ ಈ ಕಂಪನಿಗಳು ಸಿಡಿದೆದ್ದಿದ್ದವು. ಅವರನ್ನು ಸಮಾಧಾನ ಮಾಡಲು ಹೊರಟಾಗ ಹುಟ್ಟಿದ್ದು ಆ ಕಚೇರಿ. ಒಂದು ಕೈಯಿಂದ ಕರೆದು ಇನ್ನೊಂದು ಕೈಯಿಂದ ದೂಡಿದ ಹಾಗಾಯಿತು. ನಾಲ್ಕು ವರ್ಷದಲ್ಲಿ ಸಮಾಧಾನ ಮುರಿಯಿತು.

ಮೇಳ ಹೋದ ಮೇಲೆ ಯೂಟಾದ ಪ್ರವಾಸೋದ್ಯಮ ಕುಸಿಯಿತಾ? ಇಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. 2021ರಲ್ಲಿ ಝಯಾನ್ ಒಂದಕ್ಕೇ 50 ಲಕ್ಷಕ್ಕೂ ಹೆಚ್ಚು ಭೇಟಿಗಳಾದವು. ಏಂಜಲ್ಸ್ ಲ್ಯಾಂಡಿಂಗ್ ಬೆಟ್ಟದ ಸರಪಳಿ ಹಿಡಿದು ಹತ್ತಲು 2022ರ ಏಪ್ರಿಲ್‌ನಿಂದ ಲಾಟರಿಯಲ್ಲಿ ಪರವಾನಗಿ ಪಡೆಯಬೇಕಾಯಿತು. ಆರ್ಚಸ್‌ನಲ್ಲೂ ಆ ವರ್ಷ ಮೊದಲೇ ಸಮಯ ಬುಕ್ ಮಾಡಿ ಬರುವ ಪದ್ಧತಿ ಶುರುವಾಯಿತು. 2023ರ ಜನವರಿಯಲ್ಲಿ ಮೇಳವೂ ಸಾಲ್ಟ್ ಲೇಕ್‌ಗೆ ವಾಪಸ್ ಬಂತು. ಆದರೆ ಪ್ಯಾಟಗೋನಿಯ, ಆರ್‌ಇಐ, ನಾರ್ತ್ ಫೇಸ್ ಬರಲಿಲ್ಲ. ಮೇಳ ಹಿಂದಿನಷ್ಟು ದೊಡ್ಡದಾಗಿಯೂ ಇರಲಿಲ್ಲ. ಪ್ರವಾಸಿ ಬಂಡೆ ನೋಡಲು ಬರುತ್ತಾನೆ, ಗವರ್ನರ್ ಯಾರು ಅಂತ ಕೇಳಿ ಬರುವುದಿಲ್ಲ. ಕಂಪನಿ ಕೇಳುತ್ತದೆ. ಹೋಟೆಲ್ ಕೋಣೆ ಒರೆಸುವ ಕೆಲಸ ಊರಿಗೆ ಸಿಕ್ಕಿತು. ವಿನ್ಯಾಸ, ಮಾರಾಟ, ಮುಖ್ಯ ಕಚೇರಿಯ ಕೆಲಸಗಳು ಎಲ್ಲಿಗೆ ಹೋಗಬೇಕು ಎಂಬ ಲೆಕ್ಕದಲ್ಲಿ ಯೂಟಾ ತನ್ನ ಹೆಸರಿಗೆ ತಾನೇ ಏಟು ಕೊಟ್ಟುಕೊಂಡಿತು. ಎರಡರ ಸಂಬಳವೂ ಒಂದೇ ಅಲ್ಲ ಅಲ್ವಾ?

ಬೇರ್ಸ್ ಇಯರ್ಸ್‌ಗೆ ಮುಂದೆ ಏನಾಯಿತು ಅಂದರೆ, 2017ರ ಡಿಸೆಂಬರ್ 4ರಂದು ಅಧ್ಯಕ್ಷ ಟ್ರಂಪ್ ಸಾಲ್ಟ್ ಲೇಕ್ ಸಿಟಿಗೇ ಬಂದು ಅದನ್ನು ಸುಮಾರು ಶೇ 85ರಷ್ಟು ಕತ್ತರಿಸಿದರು. ಉಳಿದದ್ದು 2 ಲಕ್ಷ ಎಕರೆ, ಬಂಡೀಪುರ ರಾಷ್ಟ್ರೀಯ ಉದ್ಯಾನಕ್ಕಿಂತ ಸ್ವಲ್ಪ ಕಡಿಮೆ. ಅದೇ ದಿನ ಪಶ್ಚಿಮದ ಗ್ರ್ಯಾಂಡ್ ಸ್ಟೇರ್‌ಕೇಸ್-ಎಸ್ಕಲಾಂಟೆ ಸ್ಮಾರಕವೂ ಹೆಚ್ಚುಕಡಿಮೆ ಅರ್ಧವಾಯಿತು. 2021ರ ಅಕ್ಟೋಬರ್ 8ರಂದು ಬೈಡನ್ ಎರಡನ್ನೂ ಮೊದಲಿನಂತೆ ಮಾಡಿದರು. 2022ರಲ್ಲಿ ಐದು ಬುಡಕಟ್ಟುಗಳು ಕೇಂದ್ರದ ಜೊತೆ ಸೇರಿ ಆ ನೆಲವನ್ನು ನೋಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. 2025ರಲ್ಲಿ ಟ್ರಂಪ್ ಸರ್ಕಾರದ ನ್ಯಾಯ ಇಲಾಖೆ, ಅಧ್ಯಕ್ಷರು ಬೇಕಾದರೆ ಹಳೆಯ ಸ್ಮಾರಕವನ್ನು ಪೂರ್ತಿ ರದ್ದು ಮಾಡಬಹುದು ಎಂದು ಅಭಿಪ್ರಾಯ ಕೊಟ್ಟಿತು. 1938ರಿಂದ ಇದ್ದ ಇಲಾಖೆಯ ಅಭಿಪ್ರಾಯಕ್ಕೆ ಇದು ಉಲ್ಟಾ.

ಐದು ವರ್ಷದೊಳಗೆ ಒಂದೇ ನೆಲದ ಗಡಿ ಹಿಗ್ಗಿತು, ಕುಗ್ಗಿತು, ಮತ್ತೆ ಹಿಗ್ಗಿತು. ಅಲ್ಲಿ ಚಾರಣಕ್ಕೆ ಜನರನ್ನು ಕರೆದೊಯ್ಯುವ ಒಬ್ಬ ಗೈಡ್‌ನ ಜಾಗದಲ್ಲಿ ನಿಂತು ನೋಡಿ. ದುಡ್ಡು ತಗೊಂಡು ಜನರನ್ನು ಕರೆದೊಯ್ಯಲು ಬಿಎಲ್‌ಎಂ ಪರವಾನಗಿ ಬೇಕು. ಜೀಪು, ವಿಮೆ, ಇಬ್ಬರು ಹುಡುಗರ ಸಂಬಳ ಎಲ್ಲ ಮುಂದಿನ ಮೂರು ನಾಲ್ಕು ವರ್ಷ ಲೆಕ್ಕ ಹಾಕಿ ಮಾಡುವ ಖರ್ಚು. ನಿರ್ವಹಣಾ ಯೋಜನೆ ಬರೆದು ಮುಗಿಸಲೇ ವರ್ಷಗಳು ಬೇಕು. ಬರೆದು ಮುಗಿಯುವ ಹೊತ್ತಿಗೆ ಸರ್ಕಾರ ಬದಲಾಗುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯ ಸಾವಿರಾರು ಜನ ನುಗ್ಗಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಕರ್ನಾಟಕ ಸರ್ಕಾರ ಒಮ್ಮೆಗೇ ನಿಲ್ಲಿಸಿತ್ತಲ್ಲ. ನಿಲ್ಲಿಸಿದ್ದು ಸರಿಯೇ ಇರಬಹುದು. ಆದರೆ ಆ ಚಾರಣಿಗರನ್ನೇ ನಂಬಿ ಹೋಂಸ್ಟೇ, ಜೀಪು ಇಟ್ಟುಕೊಂಡವರ ಪಾಡು ನೀವು ಸಕಲೇಶಪುರದವರು ಊಹಿಸಬಲ್ಲಿರಿ.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಜಗಳವೇ ಬೇರ್ಸ್ ಇಯರ್ಸ್‌ಗೆ ದೊಡ್ಡ ಜಾಹೀರಾತಾಯಿತು. ದಿನಾ ಟಿವಿಯಲ್ಲಿ ಬರುತ್ತಿದ್ದ ಜಾಗವನ್ನು ನೋಡಲು ಜನ ಹುಡುಕಿಕೊಂಡು ಬಂದರು. ಆದರೆ ಶೌಚಾಲಯ, ಫಲಕ, ರೇಂಜರ್ ಅದೇ ವೇಗದಲ್ಲಿ ಬರಲಿಲ್ಲ. ಬ್ಲಫ್ ಎಂಬ ಪುಟ್ಟ ಊರಿನಲ್ಲಿ ಒಂದು ಸಂಸ್ಥೆ ಜನರಿಂದ ಚಂದಾ ಎತ್ತಿ, ಹಳೆಯ ಬಾರ್ ಒಂದರ ಕಟ್ಟಡವನ್ನು ಸರಿಮಾಡಿ, 2018ರಲ್ಲಿ ಮಾಹಿತಿ ಕೇಂದ್ರ ತೆರೆಯಿತು. ಹಳೆಯ ಗೋಡೆಗೆ ಒರಗಬೇಡಿ, ಮಡಕೆ ಚೂರು ಜೇಬಿಗೆ ಹಾಕಿಕೊಳ್ಳಬೇಡಿ, ನಾಯಿಯನ್ನು ಒಳಗೆ ಬಿಡಬೇಡಿ, ಇಷ್ಟನ್ನು ಹೇಳಿಕೊಡಲು. ಸರ್ಕಾರ ಮಾಡಬೇಕಾದ ಕೆಲಸವನ್ನು ಊರವರು ಮಾಡಿದರು. ನನ್ನ ಪ್ರಕಾರ ಒಂದು ಜಾಗಕ್ಕೆ ಆಗಬಹುದಾದ ಅತಿ ಕೆಟ್ಟದ್ದು ಇದೇ: ಹೆಸರು ಎಲ್ಲೆಡೆ ಹಬ್ಬುವುದು, ನೋಡಿಕೊಳ್ಳುವವರು ಇಲ್ಲದಿರುವುದು.

ಸ್ಮಾರಕ ಮಾಡಿದರೆ ಗಣಿ ಕೆಲಸ ಹೋಗುತ್ತೆ, ಊರು ಬಡವಾಗುತ್ತೆ ಎಂಬ ವಾದಕ್ಕೆ ಬರೋಣ. 1996ರಲ್ಲಿ ಕ್ಲಿಂಟನ್ ಗ್ರ್ಯಾಂಡ್ ಸ್ಟೇರ್‌ಕೇಸ್ ಘೋಷಿಸಿದಾಗ ಯೂಟಾಕ್ಕೆ ಕಾಲಿಡಲೇ ಇಲ್ಲ. ಪಕ್ಕದ ಅರಿಝೋನಾದಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ನಿಂತು ಸಹಿ ಹಾಕಿದರು. ಕನಾಬ್ ಊರಿನ ಜನ ಕಪ್ಪು ಬಲೂನು ಹಾರಿಸಿ ಪ್ರತಿಭಟಿಸಿದರು. ಅವರ ಸಿಟ್ಟಿಗೆ ಕಾರಣ ಇತ್ತು. ಕೈಪರೊವಿಟ್ಸ್ ಪ್ರಸ್ಥಭೂಮಿಯ ಅಡಿಯಲ್ಲಿ ಭಾರೀ ಕಲ್ಲಿದ್ದಲು ಇತ್ತು, ಗಣಿ ಬರುತ್ತೆ ಅಂತ ನಂಬಿದ್ದರು. ಹೇಳದೆ ಕೇಳದೆ ಬಾಗಿಲು ಹಾಕಿದ ಹಾಗಾಯಿತು. ಹಾಗೆ ಮಾಡಿದ್ದು ತಪ್ಪು ಅಂತಲೇ ನಾನು ಹೇಳುತ್ತೇನೆ. ಆ ಗಾಯ ಇನ್ನೂ ಮಾಗಿಲ್ಲ. ಆದರೆ 2017ರಲ್ಲಿ ಸ್ಮಾರಕವನ್ನು ಕುಗ್ಗಿಸಿ ಬಾಗಿಲು ತೆರೆದಾಗ ಏನಾಯಿತು? ಮುಂದಿನ ನಾಲ್ಕು ವರ್ಷದಲ್ಲಿ ಅಲ್ಲಿ ಒಂದೇ ಒಂದು ಕಲ್ಲಿದ್ದಲು ಗಣಿ ಶುರುವಾಗಲಿಲ್ಲ. ಗಡಿಯಾಚೆ ಪೇಜ್ ಊರಿನಲ್ಲಿದ್ದ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ 2019ರ ನವೆಂಬರ್‌ನಲ್ಲಿ ಮುಚ್ಚಿಯೇ ಹೋಯಿತು. ಕಲ್ಲಿದ್ದಲಿಗೆ ಮಾರುಕಟ್ಟೆಯೇ ಇರಲಿಲ್ಲ. ಈ ನಡುವೆ ಎಸ್ಕಲಾಂಟೆ, ಬೌಲ್ಡರ್ ಊರುಗಳ ವ್ಯಾಪಾರಿಗಳ ಸಂಘ ಸ್ಮಾರಕದ ಪರ ನಿಂತಿತ್ತು. ಅವರ ಊಟದ ಹೋಟೆಲು, ವಸತಿಗೃಹಗಳು ಅದನ್ನೇ ನಂಬಿದ್ದವು.

ಈಗ ನಿಮ್ಮ ಮೊದಲ ಸಹೋದ್ಯೋಗಿಯ ಮಾತು. ಜಮೀನು ರಾಜ್ಯಕ್ಕೆ ಬಂದರೆ?

ಇದನ್ನು ಊಹಿಸಬೇಕಾಗಿಲ್ಲ, ರಾಜ್ಯದ ಕೈಯಲ್ಲಿ ಈಗಾಗಲೇ ಇರುವ ಜಮೀನನ್ನು ನೋಡಿದರೆ ಸಾಕು. ರಾಜ್ಯವಾದಾಗ ಶಾಲೆಗಳ ಖರ್ಚಿಗೆಂದು ಕೇಂದ್ರ ಯೂಟಾಕ್ಕೆ ಸುಮಾರು 75 ಲಕ್ಷ ಎಕರೆ ಕೊಟ್ಟಿತ್ತು. ಚದುರಂಗದ ಮನೆಗಳ ಹಾಗೆ ಅಲ್ಲೊಂದು ಇಲ್ಲೊಂದು ಚೌಕ. ಈ ನೆಲದ ಕೆಲಸವೇ ಶಾಲೆಗೆ ದುಡ್ಡು ತರುವುದು. ಕಾನೂನೇ ಹಾಗಿದೆ. ಇವತ್ತು ಉಳಿದಿರುವುದು ಅರ್ಧಕ್ಕಿಂತ ಕಡಿಮೆ, 34 ಲಕ್ಷ ಎಕರೆ ಆಸುಪಾಸು. ಮಿಕ್ಕದ್ದು ವರ್ಷಗಟ್ಟಲೆಯಿಂದ ಮಾರಾಟವಾಗುತ್ತಾ, ಬೇರೆ ಜಮೀನಿಗೆ ಅದಲುಬದಲಾಗುತ್ತಾ ಹೋಗಿದೆ. 2016ರಲ್ಲಿ ಬ್ಲಫ್ ಹತ್ತಿರದ ಕೋಂಬ್ ರಿಜ್‌ನಲ್ಲಿ 391 ಎಕರೆಯ ಇಂಥ ಒಂದು ತುಂಡು 5 ಲಕ್ಷ ಡಾಲರ್‌ಗೆ ಹರಾಜಾಯಿತು. ಅಷ್ಟು ದಿನ ಯಾರು ಬೇಕಾದರೂ ನಡೆದುಹೋಗುತ್ತಿದ್ದ ಬಂಡೆ ಖಾಸಗಿಯವರದಾಯಿತು. ಈ ಜಮೀನು ನೋಡಿಕೊಳ್ಳುವ ರಾಜ್ಯದ ಇಲಾಖೆಯವರನ್ನು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರು ಕಾನೂನು ಹೇಳಿದ್ದನ್ನೇ ಮಾಡಿದರು. ಮಕ್ಕಳ ಶಾಲೆಗೆ ದುಡ್ಡು ಹೋಯಿತು. ಆದರೆ ‘ರಾಜ್ಯದ ಜಮೀನು’ ಅಂದರೆ ‘ಎಲ್ಲರಿಗೂ ತೆರೆದಿರುವ ಜಮೀನು’ ಅಂತ ಅರ್ಥ ಮಾಡಿಕೊಂಡರೆ ಮೋಸ ಹೋಗುತ್ತೀರಿ.

ಇನ್ನು ಖರ್ಚು. 2014ರಲ್ಲಿ ಯೂಟಾದ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರೇ ರಾಜ್ಯಕ್ಕಾಗಿ ಲೆಕ್ಕ ಹಾಕಿದರು. ಕೇಂದ್ರದ ಜಮೀನು ನೋಡಿಕೊಳ್ಳಲು ರಾಜ್ಯಕ್ಕೆ ವರ್ಷಕ್ಕೆ ಸುಮಾರು 28 ಕೋಟಿ ಡಾಲರ್ ಬೇಕು. ತೈಲ, ಅನಿಲದ ಬೆಲೆ ಮೇಲಿದ್ದರೆ ಅದರ ರಾಯಧನದಿಂದ ತೂಗಿಸಬಹುದು. ಬೆಲೆ ಬಿದ್ದರೆ ಕಷ್ಟ. ಬೇಸಿಗೆಯಲ್ಲಿ ಕಾಡ್ಗಿಚ್ಚು ಹತ್ತಿ, ಅದೇ ವರ್ಷ ತೈಲದ ಬೆಲೆಯೂ ಇಳಿದರೆ ರಾಜ್ಯ ಏನು ಮಾಡುತ್ತೆ? ಖಜಾನೆ ತುಂಬಿಸಲು ಒಳ್ಳೆ ಬೆಲೆ ಬಾಳುವ ತುಂಡುಗಳನ್ನು ಮಾರುವ ಒತ್ತಡ ಬಂದೇ ಬರುತ್ತದೆ. ಒಳ್ಳೆ ಬೆಲೆ ಬಾಳುವ ತುಂಡು ಯಾವುದು? ನದಿ ದಂಡೆ, ಊರಿನ ಅಂಚು, ಸುಂದರ ನೋಟ ಇರುವ ಜಾಗ. ಜನ ಆಡಲು ಹೋಗುವುದೂ ಅಲ್ಲಿಗೇ.

ಹಾಗಂತ ಎರಡನೆಯವರು ಹೇಳಿದ ಹಾಗೆ ಮರುದಿನವೇ ಮಾರಾಟ ಅಂತೇನೂ ಇಲ್ಲ. ಮಾರಲು ಹೊರಟವರಿಗೆ ಜನ ಅಡ್ಡ ನಿಂತಿದ್ದಾರೆ, ಗೆದ್ದಿದ್ದಾರೆ. 2017ರ ಆರಂಭದಲ್ಲಿ ಯೂಟಾದ ಸಂಸದ ಜೇಸನ್ ಚೇಫೆಟ್ಜ್ 33 ಲಕ್ಷ ಎಕರೆ ಮಾರುವ ಮಸೂದೆ ತಂದರು. ಬೇಟೆಗಾರರು, ಮೀನು ಹಿಡಿಯುವವರು ಸಿಡಿದೆದ್ದರು. ಇವರಲ್ಲಿ ಎಷ್ಟೋ ಜನ ಚೇಫೆಟ್ಜ್ ಅವರದೇ ಪಕ್ಷಕ್ಕೆ ಓಟು ಹಾಕುವವರು. ಚೇಫೆಟ್ಜ್ ಬೇಟೆಯ ಬಟ್ಟೆ ತೊಟ್ಟು, ನಾಯಿ ಹಿಡಿದುಕೊಂಡ ಫೋಟೋ ಇನ್‌ಸ್ಟಾಗ್ರಾಂನಲ್ಲಿ ಹಾಕಿ ಮಸೂದೆ ವಾಪಸ್ ತಗೊಂಡರು. 2024ರ ಆಗಸ್ಟ್‌ನಲ್ಲಿ ಯೂಟಾ 1.85 ಕೋಟಿ ಎಕರೆ ಬಿಎಲ್‌ಎಂ ಜಮೀನಿನ ವಿಷಯವಾಗಿ ನೇರ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿ 13ರಂದು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಯೂಟಾದ ಸೆನೆಟರ್ ಮೈಕ್ ಲೀ, ಮನೆ ಕಟ್ಟಲು ಜಾಗ ಬೇಕು ಎಂದು ಪಶ್ಚಿಮದ 11 ರಾಜ್ಯಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಎಕರೆ ಮಾರುವ ಪ್ರಸ್ತಾಪವನ್ನು ದೊಡ್ಡ ಬಜೆಟ್ ಮಸೂದೆಗೆ ಸೇರಿಸಿದರು. ಮೊಂಟಾನಾ ರಾಜ್ಯವನ್ನು ಮಾತ್ರ ಹೊರಗಿಟ್ಟರು, ಯಾಕೆಂದರೆ ಅಲ್ಲಿನ ಅವರದೇ ಪಕ್ಷದವರು ಒಪ್ಪುತ್ತಿರಲಿಲ್ಲ. ಜೂನ್ 28ರಂದು ಪೂರ್ತಿ ಕೈಬಿಟ್ಟರು.

ಮೂರೂ ಸಲ ಸೋಲು. ಆದರೆ ಮೂರೂ ಸಲ ಪ್ರಯತ್ನ ನಡೆಯಿತು, ಮುಂದೆಯೂ ನಡೆಯುತ್ತೆ. ಸಾಲ ಕೊಡುವ ಬ್ಯಾಂಕಿಗೆ ಎರಡೂ ಕಾಣುತ್ತದೆ.

ಕೇಂದ್ರದ ಕೈಯಲ್ಲಿದ್ದರೆ ಎಲ್ಲ ಸರಿಯೇ ಅಂತಲೂ ತಿಳಿಯಬೇಡಿ. 2013ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಬಜೆಟ್ ಜಗಳವಾಗಿ ಸರ್ಕಾರ ಬಾಗಿಲು ಹಾಕಿತು. ಉದ್ಯಾನಗಳ ಗೇಟಿಗೂ ಬೀಗ. ಅಕ್ಟೋಬರ್ ದಕ್ಷಿಣ ಯೂಟಾದಲ್ಲಿ ಒಳ್ಳೆ ಸೀಸನ್. ಹೋಟೆಲುಗಳು ಖಾಲಿ ಹೊಡೆದವು. ಕೊನೆಗೆ ಯೂಟಾ ತನ್ನ ಜೇಬಿನಿಂದ ದಿನಕ್ಕೆ 1,66,572 ಡಾಲರ್‌ನಂತೆ ಹತ್ತು ದಿನಕ್ಕೆ 16.7 ಲಕ್ಷ ಡಾಲರ್ ಕೊಟ್ಟು ಎಂಟು ತಾಣಗಳನ್ನು ತೆರೆಸಿತು. ಜಮೀನು ಅವರದು, ಹಸಿವು ನಮ್ಮದು ಅಂತ ಆ ಊರುಗಳಿಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ? 2025ರ ಫೆಬ್ರುವರಿಯಲ್ಲಿ ಉದ್ಯಾನ ಇಲಾಖೆಯ ಸುಮಾರು ಸಾವಿರ ಹೊಸ ನೌಕರರನ್ನು ಒಂದೇ ಏಟಿಗೆ ತೆಗೆದರು. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ 11 ಉದ್ಯಾನಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ಝಯಾನ್ ಮತ್ತು ಬ್ರೈಸ್ ಆ ಪಟ್ಟಿಯಲ್ಲಿವೆ. ಊರಿಂದ ಅಪ್ಪ ಅಮ್ಮ ಬಂದಾಗ ಕರೆದೊಯ್ಯುವ ಯೋಚನೆ ಇದ್ದರೆ ಈ ಲೆಕ್ಕ ನಿಮ್ಮ ತಲೆಯಲ್ಲಿರಲಿ. ಅವರಿಗೆ ವರ್ಷದ ಪಾಸು 250 ಡಾಲರ್, ನಿವಾಸಿಗಳಿಗೆ 80. ಇಂಥ ಒಂದೊಂದು ತೀರ್ಮಾನವೂ ಝಯಾನ್ ಬಾಗಿಲಲ್ಲಿರುವ ಸ್ಪ್ರಿಂಗ್‌ಡೇಲ್‌ನ ಹೋಟೆಲಿಗೆ ತಟ್ಟುತ್ತದೆ. ಅದಕ್ಕೂ ಯೂಟಾ ಗವರ್ನರ್‌ಗೂ ಸಂಬಂಧವೇ ಇಲ್ಲ.

ಮೋಯಾಬ್‌ಗೆ ಬರೋಣ, ನಿಮ್ಮ ದುಡ್ಡು ಹೋಗುವುದು ಅಲ್ಲಿಗೆ.

ಆರ್ಚಸ್ ಗೇಟಿಗೆ ಹೋಗುವಾಗ ಹೆದ್ದಾರಿಯ ಇನ್ನೊಂದು ಬದಿಗೆ, ಕೊಲರಾಡೋ ನದಿಯ ಕಡೆ ಒಮ್ಮೆ ನೋಡಿ. ದೊಡ್ಡ ಮಣ್ಣಿನ ಕೆಲಸ ನಡೆದ ಜಾಗ ಕಾಣುತ್ತದೆ. 1950ರ ದಶಕದಲ್ಲಿ ಮೋಯಾಬ್ ಯುರೇನಿಯಂನಿಂದ ಬೆಳೆದ ಊರು. 1984ರಲ್ಲಿ ಅಲ್ಲಿನ ಯುರೇನಿಯಂ ಅದಿರಿನ ಗಿರಣಿ ಮುಚ್ಚಿತು. ನದಿ ದಂಡೆಯ ಮೇಲೆ ಬಿಟ್ಟುಹೋದ ವಿಕಿರಣದ ಮಣ್ಣು 1.6 ಕೋಟಿ ಟನ್. 2009ರಲ್ಲಿ ಅದನ್ನು ರೈಲಿನಲ್ಲಿ 48 ಕಿಲೋಮೀಟರ್ ಆಚೆ ಸಾಗಿಸಿ ಹೂಳುವ ಕೆಲಸ ಶುರುವಾಯಿತು. ರಸ್ತೆಯ ಒಂದು ಕಡೆ ಹಳೆಯ ದುಡಿಮೆ ಬಿಟ್ಟ ಕೊಳೆ, ಇನ್ನೊಂದು ಕಡೆ ಹೊಸ ದುಡಿಮೆಯ ಕಾರುಗಳ ಸಾಲು. ಗಣಿ ಮುಚ್ಚಿದ ಆ ಕಷ್ಟದ ದಿನಗಳಲ್ಲಿ ಊರನ್ನು ಹಿಡಿದೆತ್ತಿದ್ದು ನಿಮ್ಮ ಗೆಳೆಯರು ಹೇಳುತ್ತಿರುವ ಸೈಕಲ್ಲೇ. ಸ್ಲಿಕ್‌ರಾಕ್ ಟ್ರೇಲ್ ಎಂಬ ಬಂಡೆಯ ಮೇಲಿನ ಸೈಕಲ್ ದಾರಿಯ ಹೆಸರು ಕೇಳಿರುತ್ತೀರಿ. ಅದು ಬಿಎಲ್‌ಎಂ ನೆಲ. ಬಿಎಲ್‌ಎಂ ಮತ್ತು ಕೌಂಟಿ ಜೊತೆಯಾಗಿ ನೋಡಿಕೊಳ್ಳುತ್ತವೆ.

2020ರ ಆರಂಭದಲ್ಲಿ ಅದೇ ಟ್ರೇಲ್ ಇರುವ ಜಾಗವನ್ನು ತೈಲ, ಅನಿಲ ಗುತ್ತಿಗೆಗೆ ಹರಾಜು ಹಾಕುವ ಪ್ರಸ್ತಾಪ ಬಂತು. ಊರಿನ ಪುರಸಭೆ, ಕೌಂಟಿ, ಸೈಕಲ್ ಅಂಗಡಿಯವರು ಒಟ್ಟಾಗಿ ಬೇಡ ಎಂದರು. ಗವರ್ನರ್ ಹರ್ಬರ್ಟ್ ಕೂಡ, ಹೌದು ಅದೇ ಹರ್ಬರ್ಟ್, ಬೇಡ ಎಂದು ಬರೆದರು. ಬಿಎಲ್‌ಎಂ ಕೈಬಿಟ್ಟಿತು. ಊರು ಒಂದೇ ದನಿಯಲ್ಲಿ ಮಾತಾಡಿದರೆ ಯಾವ ಪಕ್ಷದವರೂ ಕೇಳುತ್ತಾರೆ ಎಂಬುದಕ್ಕೆ ಇದನ್ನು ನಾನು ಆಗಾಗ ನೆನಪಿಸಿಕೊಳ್ಳುತ್ತೇನೆ.

ಎಲ್ಲ ಸಲ ಒಂದೇ ದನಿ ಇರುವುದಿಲ್ಲ. 2023ರಲ್ಲಿ ಬಿಎಲ್‌ಎಂ ಮೋಯಾಬ್ ಹತ್ತಿರದ ಲ್ಯಾಬಿರಿಂತ್ ಕಣಿವೆ ಕಡೆ 317 ಮೈಲಿ ಜೀಪ್ ದಾರಿಗಳನ್ನು ಮುಚ್ಚಿತು. ದೋಣಿಯವರು, ನಡೆಯುವವರು ಖುಷಿಪಟ್ಟರು. ಜೀಪಿನವರು, ರಾಜ್ಯ ಸರ್ಕಾರ ವಿರೋಧಿಸಿದರು. 1967ರಿಂದ ಪ್ರತಿ ವಸಂತದಲ್ಲಿ ಮೋಯಾಬ್‌ಗೆ ಈಸ್ಟರ್ ಜೀಪ್ ಸಫಾರಿ ಬರುತ್ತದೆ. ಅವರ ದುಡ್ಡೂ ಊರಿನದೇ. ಔಟ್‌ಡೋರ್ ಅಂದರೆ ಒಂದೇ ಗುಂಪು ಅಂತ ಮಾತಾಡುವವರು ಇದನ್ನು ಮರೆಯುತ್ತಾರೆ.

ನೀವು ಎದುರಿಸಬೇಕಾದ ಇನ್ನೊಂದು ಸಮಸ್ಯೆ ಮನೆ. ಐದು ಸಾವಿರ ಚಿಲ್ಲರೆ ಜನರ ಊರಿಗೆ ಲಕ್ಷಗಟ್ಟಲೆ ಪ್ರವಾಸಿಗರು. ಇದ್ದ ಮನೆಗಳೆಲ್ಲ ರಾತ್ರಿ ಬಾಡಿಗೆಗೆ ಹೋಗಿವೆ. ಅಂಗಡಿಯಲ್ಲಿ ಸೈಕಲ್ ರಿಪೇರಿ ಮಾಡುವ ಹುಡುಗ ಎಷ್ಟೋ ಸಲ ವ್ಯಾನಿನಲ್ಲಿ ಮಲಗುತ್ತಾನೆ. ಹೋಟೆಲ್ ತೆರಿಗೆಯ ಒಂದು ಪಾಲನ್ನು ಪ್ರಚಾರಕ್ಕೇ ಖರ್ಚು ಮಾಡಬೇಕು ಎಂಬ ರಾಜ್ಯದ ನಿಯಮ ವರ್ಷಗಟ್ಟಲೆ ಇತ್ತು. ಜಾಗವಿಲ್ಲದಷ್ಟು ಜನ ತುಂಬಿದ ಊರು ಇನ್ನಷ್ಟು ಜನರನ್ನು ಕರೆಯಲು ಜಾಹೀರಾತು ಕೊಡಬೇಕಿತ್ತು. ಶೌಚಾಲಯಕ್ಕೆ, ರಕ್ಷಣಾ ತಂಡಕ್ಕೆ ಅದೇ ದುಡ್ಡು ಬೇಕಾಗಿದ್ದಾಗ.

ಹಾಗಾದರೆ ನೀವು ಪಾಲುದಾರರಾಗಬೇಕಾ? ಅಂಗಡಿಯ ಲೆಕ್ಕಪತ್ರ ನಾನು ನೋಡಿಲ್ಲ, ಅದನ್ನು ನೀವೇ ತೂಗಬೇಕು. ಜಮೀನಿನ ಕಡೆಯಿಂದ ಮಾತ್ರ ಹೇಳಬಲ್ಲೆ. ಬರೀ ಬಾಡಿಗೆ ಅಂಗಡಿಗೂ, ಗೈಡ್ ಜೊತೆ ಕಳಿಸುವ ಅಂಗಡಿಗೂ ವ್ಯತ್ಯಾಸ ಇದೆ. ಗೈಡ್ ವ್ಯವಹಾರ ಇದ್ದರೆ ಬಿಎಲ್‌ಎಂ ಪರವಾನಗಿ ಯಾರ ಹೆಸರಿನಲ್ಲಿದೆ, ಎಷ್ಟು ವರ್ಷ ಉಳಿದಿದೆ, ಪಾಲುದಾರ ಬದಲಾದರೆ ಏನಾಗುತ್ತೆ ಎಂದು ಕಾಗದ ನೋಡಿ ತಿಳಿದುಕೊಳ್ಳಿ. ಕೆಲಸದವರು ಎಲ್ಲಿ ಮಲಗುತ್ತಾರೆ ಅಂತ ಕೇಳಿ. ಏಪ್ರಿಲ್‌ನ ವಾರಾಂತ್ಯ ನೋಡಿ ಮರುಳಾಗಬೇಡಿ, ಜನವರಿಯ ಒಂದು ಮಂಗಳವಾರ ಹೋಗಿ ಅಂಗಡಿಯಲ್ಲಿ ಕೂತುಬನ್ನಿ.

ಆಮೇಲೆ ಮೋಯಾಬ್‌ನ ಜಮೀನು ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿ. ಅದರಲ್ಲಿ ಹಳದಿ ಅಂದರೆ ಬಿಎಲ್‌ಎಂ, ಹಸಿರು ಅಂದರೆ ಕೇಂದ್ರದ ಅರಣ್ಯ, ನೀಲಿ ಅಂದರೆ ರಾಜ್ಯದ ಶಾಲಾ ಜಮೀನು, ಬಿಳಿ ಅಂದರೆ ಖಾಸಗಿ. ನಿಮ್ಮ ಗೆಳೆಯರ ಗಿರಾಕಿಗಳು ಹೆಚ್ಚು ಕೇಳುವ ಐದು ಟ್ರೇಲ್‌ಗಳ ಮೇಲೆ ಬೆರಳಿಟ್ಟು, ಶುರುವಿನಿಂದ ಕೊನೆಯವರೆಗೆ ಎಳೆಯಿರಿ. ಬೆರಳು ನೀಲಿ ಚೌಕದ ಮೇಲೆ ಎಷ್ಟು ಸಲ ಹಾಯುತ್ತದೆ ಅಂತ ಎಣಿಸಿ, ಆ ಚೌಕಗಳಲ್ಲಿ ಓಡಾಡಲು ಈಗ ಯಾವ ಒಪ್ಪಂದ ಇದೆ ಎಂದು ಅವರನ್ನೇ ಕೇಳಿ. ಥಟ್ಟನೆ ಉತ್ತರ ಬಂದರೆ ಅವರು ತಮ್ಮ ವ್ಯವಹಾರ ತಿಳಿದವರು. ಬರದಿದ್ದರೆ ಇಬ್ಬರೂ ಒಟ್ಟಿಗೆ ರಾಜ್ಯದ ಶಾಲಾ ಜಮೀನು ನೋಡಿಕೊಳ್ಳುವ ಇಲಾಖೆಯ ಮೋಯಾಬ್ ಕಚೇರಿಗೆ ಹೋಗಿ ವಿಚಾರಿಸಿ, ಆಮೇಲೆ ಚೆಕ್ ಬರೆಯಿರಿ.